50 ಮೀಟರಿನ ಗೆರೆ: ಒಂದು ಚೆಕ್‌ಪೋಸ್ಟ್‌ನ ಪ್ರಕರಣ ಅಧ್ಯಯನ

ಇದು ಸೈನಿಕ ತರಬೇತಿಯ ಚರ್ಚೆಗೆಂದು ಕಟ್ಟಿದ ಪ್ರಕರಣ. ಯುದ್ಧದಲ್ಲಿ ಎದುರಿನವರನ್ನು ಮನುಷ್ಯರೆಂದು ಕಾಣದೆ ಹೋಗುವುದು, ಅಂದರೆ ಅಮಾನವೀಕರಣ, ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ತಡೆಯಬಹುದು ಎಂಬುದು ಇದರ ವಿಷಯ. ಒಂದೇ ಬಗೆಯ ಘಟನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದು ಚೆಕ್‌ಪೋಸ್ಟಿಗೆ ಕೂಡಿಸಲಾಗಿದೆ. ದೇಶ, ಪಡೆ, ವ್ಯಕ್ತಿ ಯಾವುದರ ಗುರುತೂ ಇಲ್ಲ. ವೇಗ ಮತ್ತು ದೂರದ ಲೆಕ್ಕ, ಕಾನೂನಿನ ವಿಧಿಗಳು, ಸಂಶೋಧನೆಯ ಅಂಕಿಗಳು ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಒಂದು ದೇಶದ ಸರ್ಕಾರಕ್ಕೂ ಬಂಡುಕೋರರಿಗೂ ಯುದ್ಧ ನಡೆಯುತ್ತಿತ್ತು. ಸರ್ಕಾರದ ನೆರವಿಗೆ ಬಂದ ಹೊರದೇಶದ ಕಾಲಾಳು ಕಂಪನಿಯೊಂದಕ್ಕೆ ಪಟ್ಟಣದ ಹೊರಗಿನ ನೇರ ರಸ್ತೆಯಲ್ಲಿ ಚೆಕ್‌ಪೋಸ್ಟ್ ನಡೆಸುವ ಹೊಣೆ ಬಿತ್ತು. ಮರಳು ಚೀಲದ ಗೂಡು, ಅದರೊಳಗೆ ಮಷಿನ್ ಗನ್, ಮುಂದೆ ಮುಳ್ಳುತಂತಿ, ಒಂದು ಹೆಚ್ಚು ಬೆಳಕಿನ ದೀಪ, ಹಗಲಿಗೆ ಮಾತ್ರ ಒಬ್ಬ ದುಭಾಷಿ. ನಿಯಮ ಸರಳವಾಗಿತ್ತು. ಗನ್ನಿನಿಂದ 100 ಮೀಟರಿಗೆ ಮೊದಲ ಗೆರೆ. ವಾಹನ ಅದನ್ನು ದಾಟಿದರೆ ದೀಪ ಹಾಕಿ ಕೈ ತೋರಿಸಬೇಕು, ಆಮೇಲೆ ಎಚ್ಚರಿಕೆಯ ಗುಂಡು. 50 ಮೀಟರಿಗೆ ಎರಡನೇ ಗೆರೆ. ಅದನ್ನೂ ದಾಟಿದರೆ ವಾಹನದ ಮೇಲೆಯೇ ಗುಂಡು.

ಸೈನಿಕರು ಬಂದಾಗ ಕೆಟ್ಟವರಾಗಿರಲಿಲ್ಲ. ದಿನಚರಿ ಪುಸ್ತಕವೇ ಅದಕ್ಕೆ ಸಾಕ್ಷಿ. ಮೊದಲ ತಿಂಗಳ ಒಂದು ನಮೂದು ಹೀಗಿದೆ: “ಬಿಳಿ ಕಾರು. ಚಾಲಕ ಮುದುಕ, ಹಿಂದೆ ಇಬ್ಬರು ಹೆಂಗಸರು, ಮೇಕೆಮರಿ ಒಂದು. ತಪಾಸಣೆ ಆಯಿತು, ಬಿಟ್ಟೆವು.” ಎರಡನೇ ತಿಂಗಳಲ್ಲಿ ಮುದುಕನೂ ಇಲ್ಲ, ಮೇಕೆಮರಿಯೂ ಇಲ್ಲ: “ವಾಹನ 1. ತಪಾಸಣೆ. ಸರಿ.” ಮೂರನೇ ತಿಂಗಳಿಗೆ ಬರುವಾಗ: “ಬೆದರಿಕೆ 1. ನಿವಾರಿಸಲಾಗಿದೆ.” ಇದರ ಅರ್ಥ ಎಚ್ಚರಿಕೆಯ ಗುಂಡಿಗೆ ಹೆದರಿ ಯಾರೋ ಗಾಡಿ ತಿರುಗಿಸಿಕೊಂಡು ಹೋದರು ಅಂತ. ಯಾರು, ಏಕೆ ಬಂದಿದ್ದರು ಎಂಬುದು ಯಾರಿಗೂ ಬೇಕಿರಲಿಲ್ಲ, ಏಕೆಂದರೆ ನಮೂನೆಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

ನಡುವೆ ಒಂದು ಸಾವು ಆಗಿತ್ತು. ಪಕ್ಕದ ಚೆಕ್‌ಪೋಸ್ಟಿನಲ್ಲಿ ಕಾರ್ ಬಾಂಬ್ ಸಿಡಿದು, ಎಲ್ಲರಿಗೂ ಬೇಕಾಗಿದ್ದ ಒಬ್ಬ ಸಾರ್ಜೆಂಟ್ ಸತ್ತರು. ಅವರ ಪ್ಲಟೂನ್, ಅಂದರೆ ಕಂಪನಿಯೊಳಗಿನ ಅವರ ತುಕಡಿ, ಮರುದಿನ ಬೆಳಿಗ್ಗೆಯೇ ಮತ್ತೆ ಕಾವಲಿಗೆ ರಸ್ತೆಯ ಮೇಲಿತ್ತು. ಕಂಪನಿಯಲ್ಲಿ ಜನ ಕಡಿಮೆ, ಬೇರೆ ದಾರಿಯಿಲ್ಲ ಎಂದು ಕಮಾಂಡರ್ ತೀರ್ಮಾನಿಸಿದ್ದರು. ಮುಂದಿನದ್ದಕ್ಕೆಲ್ಲ ಬಾಗಿಲು ತೆರೆದದ್ದು ಈ ತೀರ್ಮಾನ. ಆಗ ಮಾತ್ರ ಯಾರಿಗೂ ಅದು ತೀರ್ಮಾನದಂತೆಯೇ ಕಂಡಿರಲಿಲ್ಲ, ಡ್ಯೂಟಿ ಪಟ್ಟಿಯ ಒಂದು ಸಾಲಿನಂತೆ ಕಂಡಿತ್ತು. 2006ರಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಪಡೆಗಳ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಕೋಪ ಹೆಚ್ಚಿದ್ದವರಲ್ಲೂ ತೀವ್ರ ಕಾಳಗ ಕಂಡವರಲ್ಲೂ ನಾಗರಿಕರೊಂದಿಗಿನ ದುರ್ವರ್ತನೆ ಹೆಚ್ಚು ಕಂಡುಬಂದಿತ್ತು. ಯುದ್ಧ ಮಾಡದ ಎಲ್ಲರನ್ನೂ ಗೌರವದಿಂದ ನಡೆಸಿಕೊಳ್ಳಬೇಕು ಎಂಬ ಮಾತನ್ನು ಒಪ್ಪಿದವರು ಭೂಸೇನೆಯ ಸೈನಿಕರಲ್ಲಿ ಶೇ. 47, ಮೆರೀನ್ ಎಂಬ ಪ್ರತ್ಯೇಕ ಪಡೆಯವರಲ್ಲಿ ಶೇ. 38 ಮಾತ್ರ.

ಆ ಸಂಜೆ

ಮಬ್ಬುಗತ್ತಲು. ದುಭಾಷಿ ಮನೆಗೆ ಹೋಗಿಯಾಗಿತ್ತು. ಗಂಟೆಗೆ ಸುಮಾರು 70 ಕಿ.ಮೀ. ವೇಗದಲ್ಲಿ ಒಂದು ಕಾರು ಬಂತು. 100 ಮೀಟರಿನ ಗೆರೆ ದಾಟಿದೊಡನೆ ದೀಪ ಹಾಕಿದರು. ಒಬ್ಬ ಸೈನಿಕ ಮುಷ್ಟಿ ಎತ್ತಿ ಹಿಡಿದ. ಸೈನ್ಯದಲ್ಲಿ ಅದಕ್ಕೆ ‘ನಿಲ್ಲು’ ಎಂದರ್ಥ. ಎಚ್ಚರಿಕೆಯ ಗುಂಡು ಹಾರಿತು. ಕಾರಿನ ವೇಗ ಇನ್ನೂ ಹೆಚ್ಚಾಯಿತು. 50ರ ಗೆರೆಯಲ್ಲಿ ಮಷಿನ್ ಗನ್ ಗುಂಡು ಹಾರಿಸಿತು. ಚಾಲಕ ಅಲ್ಲೇ ಸತ್ತ. ಪಕ್ಕದಲ್ಲಿದ್ದ ಅವನ ಹೆಂಡತಿಯ ಹೆಗಲಿಗೂ ತೊಡೆಗೂ ಗಾಯವಾಯಿತು. ಕಾರಿನಲ್ಲಿ ಆಯುಧ ಇರಲಿಲ್ಲ.

ಮುಂದಿನ ಹತ್ತು ನಿಮಿಷಗಳಲ್ಲಿ ಎರಡು ಸಂಗತಿ ನಡೆದವು. ಒಬ್ಬ ಸೈನಿಕ ಮೊಬೈಲ್ ತೆಗೆದು ಶವದ ಪಕ್ಕ ನಿಂತ. ಕರ್ತವ್ಯದಲ್ಲಿದ್ದ ಸಾರ್ಜೆಂಟ್ ಮೊಬೈಲನ್ನು ಕಿತ್ತುಕೊಂಡರು, ಬೈಯಲಿಲ್ಲ, “ಹೋಗಿ ಸ್ಟ್ರೆಚರ್ ಹಿಡಿ” ಎಂದರು. ಸತ್ತವರ ಘನತೆಗೆ ಕುಂದು ತರುವುದು ಯುದ್ಧಾಪರಾಧವಾಗಬಲ್ಲದು. ಆದರೆ ಅಲ್ಲಿ ಕೆಲಸ ಮಾಡಿದ್ದು ಕಾನೂನಿನ ಪಾಠ ಅಲ್ಲ, ಕೈಗೆ ಸಿಕ್ಕ ಇನ್ನೊಂದು ಕೆಲಸ. ಇದೇ ಹೊತ್ತಿಗೆ ವೈದ್ಯಕೀಯ ಸಹಾಯಕ ಯಾರ ಅಪ್ಪಣೆಗೂ ಕಾಯದೆ ಹೆಂಗಸಿನ ತೊಡೆಗೆ ರಕ್ತ ನಿಲ್ಲಿಸುವ ಪಟ್ಟಿ (ಟೂರ್ನಿಕೆಟ್) ಬಿಗಿದ. ಪ್ರಜ್ಞೆ ಇದೆಯೇ ಎಂದು ನೋಡಲು ಹೆಸರು ಕೇಳಿದ, ಗಾಯಾಳು ಚೀಟಿಯಲ್ಲಿ ಬರೆದ. ಚೀಟಿಯಲ್ಲಿದ್ದದ್ದನ್ನು ವೈರ್‌ಲೆಸ್‌ನಲ್ಲಿ ಓದಲೇಬೇಕು. ಹಾಗಾಗಿ ವಾರಗಟ್ಟಲೆ ‘ಬೆದರಿಕೆ’ ಎಂದಷ್ಟೇ ಕೇಳುತ್ತಿದ್ದ ಅದೇ ವೈರ್‌ಲೆಸ್‌ನಲ್ಲಿ ಹೆಸರು, ಅಂದಾಜು ವಯಸ್ಸು, ‘ಗಂಡ ಎಲ್ಲಿ ಎಂದು ಕೇಳುತ್ತಿದ್ದಾರೆ’ ಎಂಬ ಮಾತು ಹೋದವು. ಗಾಯಾಳುಗಳನ್ನು ಎತ್ತಿ ಆರೈಕೆ ಮಾಡಬೇಕು ಎಂಬುದು 1949ರ ನಾಲ್ಕೂ ಜಿನೀವಾ ಒಪ್ಪಂದಗಳಲ್ಲಿ ಒಂದೇ ಆಗಿರುವ 3ನೇ ವಿಧಿಯ ಕಟ್ಟಪ್ಪಣೆ. ದೇಶದೊಳಗಿನ ಯುದ್ಧಕ್ಕೂ ಅದು ಅನ್ವಯ.

ರಾತ್ರಿ ಬರೆದ ವರದಿಯ ಮೊದಲ ಕರಡಿನಲ್ಲಿ ಇದ್ದದ್ದು: “ಚಾಲಕ ಸೂಚನೆ ಪಾಲಿಸಲಿಲ್ಲ. ಬೆದರಿಕೆ ನಿವಾರಿಸಲಾಗಿದೆ. ನಿಯಮ ಪಾಲನೆಯಾಗಿದೆ.”

ಲೆಕ್ಕ ಹಾಕಿದಾಗ

ತನಿಖೆಗೆ ಬಂದ ಅಧಿಕಾರಿ ಸೈನಿಕರ ಮನಸ್ಸಿನಲ್ಲಿ ಏನಿತ್ತು ಎಂದು ಮೊದಲು ಕೇಳಲಿಲ್ಲ. ಟೇಪು ಹಿಡಿದು ರಸ್ತೆ ಅಳೆದರು.

70 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ 19.4 ಮೀಟರ್. 100ರ ಗೆರೆಯಿಂದ 50ರ ಗೆರೆಗೆ ಬರಲು 2.6 ಸೆಕೆಂಡು. ದೀಪ, ಕೈಸನ್ನೆ, ಎಚ್ಚರಿಕೆಯ ಗುಂಡು, ಕೊಲ್ಲುವ ನಿರ್ಧಾರ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಇನ್ನು ಚಾಲಕನ ಕಡೆಯಿಂದ ನೋಡಿ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಹೋಗಲು 1.5 ಸೆಕೆಂಡು ಬೇಕೆಂದರೆ ಅಷ್ಟರಲ್ಲಿ ಕಾರು 29 ಮೀಟರ್ ಮುಂದೆ. ಒಣ ಡಾಂಬರು ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ನಿಲ್ಲಲು ಇನ್ನೂ ಸುಮಾರು 27 ಮೀಟರ್. ಒಟ್ಟು 56. ಅಂದರೆ ದೀಪ ಕಂಡ ಕ್ಷಣದಲ್ಲೇ ವಿಧೇಯತೆಯಿಂದ ಬ್ರೇಕ್ ಒತ್ತಿದ ಚಾಲಕನ ಕಾರು ಕೂಡ ಗನ್ನಿನಿಂದ 44 ಮೀಟರಿಗೆ ನಿಲ್ಲುತ್ತದೆ, ಕೊಲ್ಲುವ ಗೆರೆಯನ್ನು 6 ಮೀಟರ್ ದಾಟಿ. ರಸ್ತೆಯ ಮೇಲೆ ಧೂಳು, ಜಲ್ಲಿ ಇದ್ದರೆ ಇನ್ನೂ ಒಳಗೆ.

ಮಾತು ಕೇಳುವವನನ್ನೂ ದಾಳಿಕೋರನನ್ನೂ ಈ ನಿಯಮ ಬೇರೆ ಮಾಡಲಾರದು. ಅದರ ಕಣ್ಣಿಗೆ ಇಬ್ಬರೂ ಬರಿಯ ವಾಹನ. ಅಮಾನವೀಕರಣ ಎಂದೊಡನೆ ಶತ್ರುವನ್ನು ಜಿರಳೆ, ಹಾವು ಎಂದು ಕರೆಯುವ ದ್ವೇಷದ ಭಾಷೆ ನೆನಪಾಗುತ್ತದೆ. 1994ರ ನರಮೇಧದ ಕಾಲದ ರುವಾಂಡಾದ ರೇಡಿಯೋ ಅದಕ್ಕೆ ತೀರಾ ಕ್ರೂರ ಉದಾಹರಣೆ. ಮನಃಶಾಸ್ತ್ರಜ್ಞ ನಿಕ್ ಹ್ಯಾಸ್ಲಮ್ 2006ರಲ್ಲಿ ಇನ್ನೊಂದು ಬಗೆಯನ್ನೂ ಗುರುತಿಸಿದರು: ಎದುರಿನವರನ್ನು ಪ್ರಾಣಿಯಾಗಿ ಅಲ್ಲ, ಭಾವನೆಯಿಲ್ಲದ ಯಂತ್ರವಾಗಿ, ವಸ್ತುವಾಗಿ ನೋಡುವುದು. ಈ ಚೆಕ್‌ಪೋಸ್ಟಿನಲ್ಲಿ ನಡೆದದ್ದು ಅದು. ಅದಕ್ಕೆ ದ್ವೇಷವೇನೂ ಬೇಕಿಲ್ಲ. ಎರಡೂವರೆ ಸೆಕೆಂಡಿನ ಗಡುವು, ಕಾಲಮ್ ಇಲ್ಲದ ನಮೂನೆ, ನಿದ್ದೆಗೆಟ್ಟ ಪ್ಲಟೂನ್ ಇದ್ದರೆ ಸಾಕು. ಇನ್ನೊಬ್ಬ ಮನಃಶಾಸ್ತ್ರಜ್ಞ ಹರ್ಬರ್ಟ್ ಕೆಲ್ಮನ್ 1973ರಲ್ಲೇ ಇಂಥ ಹಿಂಸೆಗೆ ದಾರಿ ಮಾಡುವ ಮೂರು ಸಂಗತಿ ಹೇಳಿದ್ದರು: ಮೇಲಿನವರ ಅನುಮತಿ, ಕೆಲಸ ದಿನಚರಿಯಾಗಿ ಬಿಡುವುದು, ಎದುರಿನವರನ್ನು ಮನುಷ್ಯರೆಂದು ಎಣಿಸದಿರುವುದು. ಮೂರರಲ್ಲಿ ಮೊದಲೆರಡು ಕಚೇರಿಯ ಕಾಗದದಲ್ಲೇ ಹುಟ್ಟುತ್ತವೆ.

ಇನ್ನು, ಕಾರಿನ ವೇಗ ಹೆಚ್ಚಾದದ್ದು ಏಕೆ? ದೀಪ ನೇರ ಕಣ್ಣಿಗೆ ಹೊಡೆಯುತ್ತಿತ್ತು, ಅದರ ಹಿಂದೆ ಚೆಕ್‌ಪೋಸ್ಟ್ ಇದೆಯೆಂದೇ ಕಾಣುತ್ತಿರಲಿಲ್ಲ. ಸೈನ್ಯದ ಮುಷ್ಟಿ ಸನ್ನೆ ನಾಗರಿಕರಿಗೆ ಗೊತ್ತಿಲ್ಲ. ಗುಂಡಿನ ಸದ್ದು ಕೇಳಿದವರು ಹಿಂದಿನಿಂದ ಯಾರೋ ಹೊಡೆಯುತ್ತಿದ್ದಾರೆ ಎಂದುಕೊಂಡು ತಪ್ಪಿಸಿಕೊಳ್ಳಲು ಮುಂದಕ್ಕೆ ಓಡಿಸುವುದು ಹೊಸದಲ್ಲ. ಸಂದೇಹವಿದ್ದರೆ ವ್ಯಕ್ತಿಯನ್ನು ನಾಗರಿಕನೆಂದೇ ಎಣಿಸಬೇಕು ಎಂದು ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 50ನೇ ವಿಧಿ ಹೇಳುತ್ತದೆ; ದಾಳಿಯ ಮುನ್ನೆಚ್ಚರಿಕೆಗಳು 57ನೇ ವಿಧಿಯಲ್ಲಿವೆ. ಆ ಪ್ರೋಟೋಕಾಲ್ ದೇಶ-ದೇಶಗಳ ನಡುವಿನ ಯುದ್ಧಕ್ಕೆ ಬರೆದದ್ದಾದರೂ ಮುನ್ನೆಚ್ಚರಿಕೆಯ ಕರ್ತವ್ಯ ರೂಢಿಗತ ಕಾನೂನಾಗಿ ಒಳಗಿನ ಯುದ್ಧಕ್ಕೂ ಸಲ್ಲುತ್ತದೆ ಎಂದು ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ನಿಲುವು. ಅರ್ಥವಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಕೆಲಸಕ್ಕೆ ಬಾರದ ಎರಡು ಪ್ರಯತ್ನ

ಮೊದಲು ಕಾನೂನು ಅಧಿಕಾರಿಯಿಂದ ಉಪನ್ಯಾಸ ಮಾಡಿಸಿದರು. ವಿಧಿಗಳು, ಶಿಕ್ಷೆ, ಸೈನಿಕನ ಗೌರವ ಎಲ್ಲವೂ ಬಂದವು. ಕೇಳಿದವರಿಗೆ ತಮ್ಮ ಮೇಲೆ ಆರೋಪ ಹೊರಿಸುತ್ತಿದ್ದಾರೆ ಎನ್ನಿಸಿತು. ಮರುದಿನದಿಂದ ‘ನಾಗರಿಕ’ ಎಂಬ ಪದವೇ ತಮಾಷೆಯ ವಸ್ತು.

ಎರಡನೆಯದು ಒಳ್ಳೆಯ ಉದ್ದೇಶದ್ದು, ಹಾನಿ ಮಾಡಿದ್ದೂ ಅದೇ. ಸತ್ತ ಚಾಲಕನ ಕುಟುಂಬದ ಫೋಟೋ ತರಿಸಿ ಪ್ಲಟೂನ್‌ಗೆ ತೋರಿಸಿದರು. ಮರುಕ ಹುಟ್ಟಲಿ ಎಂಬ ಆಸೆ. ಒಬ್ಬಿಬ್ಬರು ಕುಗ್ಗಿಹೋದರು. ಉಳಿದವರಲ್ಲಿ “ರಾತ್ರಿ ಹೊತ್ತು ಹಾಗೆ ಓಡಿಸಿಕೊಂಡು ಬಂದದ್ದು ಯಾರು?” ಎಂಬ ಮಾತು ಗಟ್ಟಿಯಾಯಿತು. ಇದು ನಿರೀಕ್ಷಿಸಬಹುದಾಗಿದ್ದ ಫಲವೇ. ತಮ್ಮ ಗುಂಪು ಇನ್ನೊಂದು ಗುಂಪನ್ನು ಕೊಂದದ್ದನ್ನು ನೆನಪಿಸಿದಾಗ ಜನ ಬಲಿಯಾದವರನ್ನು ಇನ್ನಷ್ಟು ಕಡಿಮೆ ಮನುಷ್ಯರೆಂದು ಎಣಿಸುತ್ತಾರೆ ಎಂದು 2006ರಲ್ಲಿ ಮನಃಶಾಸ್ತ್ರಜ್ಞರಾದ ಕಸ್ಟಾನೊ ಮತ್ತು ಜೀನರ್-ಸೊರೊಲಾ ತೋರಿಸಿದ್ದಾರೆ. ತಪ್ಪಿತಸ್ಥ ಭಾವಕ್ಕೆ ಮಾಡಲು ಒಂದು ಕೆಲಸ ಕೊಡದೆ ಬಿಟ್ಟರೆ ಅದು ಸತ್ತವರನ್ನೇ ದೂರತೊಡಗುತ್ತದೆ.

ತಿರುವು

ಆಮೇಲೆ ಮಾಡಿದ್ದು ರಸ್ತೆಯ ಕೆಲಸ. 200 ಮೀಟರಿಗೆ ಸ್ಥಳೀಯ ಭಾಷೆಯ ದೊಡ್ಡ ಬೋರ್ಡು, ಓದಲು ಬಾರದವರಿಗೆ ಚಿತ್ರ. ದೀಪವನ್ನು ಚಾಲಕನ ಕಣ್ಣಿನಿಂದ ಬೋರ್ಡಿನ ಕಡೆಗೆ ತಿರುಗಿಸಿದರು. 150 ಮೀಟರಿನಿಂದ ಮರಳು ತುಂಬಿದ ಡ್ರಮ್ಮುಗಳನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟು, ಹಂಪ್ ಹಾಕಿ, ಯಾರೂ 20 ಕಿ.ಮೀ. ವೇಗ ಮೀರಲಾರದಂತೆ ಮಾಡಿದರು. ಮೊದಲ ಸಲ ಡ್ರಮ್ಮುಗಳು ತೀರಾ ಹತ್ತಿರವಾದವು. ಉದ್ದನೆಯ ಬಸ್ಸೊಂದು ತಿರುಗಲಾರದೆ ಸಿಕ್ಕಿಕೊಂಡಿತು, ಹಿಂದೆ ಗಾಡಿಗಳ ಸಾಲು ಬೆಳೆಯಿತು. ನಿಂತ ಸಾಲು ಬಾಂಬಿಗೆ ಸುಲಭದ ಗುರಿ, ಅದರಲ್ಲಿರುವುದೆಲ್ಲ ನಾಗರಿಕರು. ಆ ದಾರಿಯಲ್ಲಿ ಓಡಾಡುವ ಅತಿ ಉದ್ದದ ವಾಹನವನ್ನು ಒಮ್ಮೆ ನಿಜವಾಗಿ ಓಡಿಸಿ ನೋಡಿದ ಮೇಲೆ ಅಂತರ ಸರಿಹೋಯಿತು.

20 ಕಿ.ಮೀ. ವೇಗದಲ್ಲಿ ಕಾರು ನಿಲ್ಲಲು 11 ಮೀಟರ್ ಸಾಕು. 100ರಿಂದ 50ಕ್ಕೆ ಬರಲು 2.6 ಸೆಕೆಂಡಿನ ಬದಲು 9 ಸೆಕೆಂಡು. ಆ 9 ಸೆಕೆಂಡಿನಲ್ಲಿ ಗನ್ನರ್‌ಗೆ ಕಾರಿನೊಳಗೆ ಎಷ್ಟು ಜನ, ಯಾರು ಎಂದು ಕಾಣುತ್ತದೆ. ಅಪ್ಪಣೆಯಾದರೆ ಜನ ಇನ್ನೊಬ್ಬನಿಗೆ ವಿದ್ಯುತ್ ಶಾಕ್ ಕೊಡುತ್ತಾರೆಯೇ ಎಂದು ನೋಡಿದ (ಶಾಕ್ ನಿಜವಲ್ಲ, ಅವರಿಗೆ ಅದು ಗೊತ್ತಿರಲಿಲ್ಲ) ಮನಃಶಾಸ್ತ್ರಜ್ಞ ಮಿಲ್‌ಗ್ರಾಮ್ ಅವರ ಪ್ರಯೋಗದಲ್ಲಿ ಬಲಿಪಶು ಪಕ್ಕದ ಕೋಣೆಯಲ್ಲಿದ್ದು ಕಾಣದಿದ್ದಾಗ ಶೇ. 65 ಜನ ಕೊನೆಯ ಶಾಕ್‌ವರೆಗೆ ಹೋದರು. ಅದೇ ಕೋಣೆಯಲ್ಲಿದ್ದಾಗ ಶೇ. 40, ಅವನ ಕೈಯನ್ನು ತಾವೇ ಒತ್ತಿ ಹಿಡಿಯಬೇಕಾದಾಗ ಶೇ. 30. ದೂರ ಎಂದರೆ ಬರೀ ಮೀಟರು ಎಂದುಕೊಳ್ಳಬಾರದು. ಸಾವಿರಾರು ಕಿಲೋಮೀಟರ್ ಆಚೆ ಕೂತ ಡ್ರೋನ್ ಸಿಬ್ಬಂದಿ ಒಂದು ಮನೆಯನ್ನು ದಿನಗಟ್ಟಲೆ ನೋಡುತ್ತಾರೆ, ಮಕ್ಕಳು ಆಡುವುದನ್ನೂ ನೋಡುತ್ತಾರೆ. ಈ ಗನ್ನರ್ 50 ಮೀಟರಿನಲ್ಲಿದ್ದೂ ಏನನ್ನೂ ನೋಡಿರಲಿಲ್ಲ. ಬೇಕಾದದ್ದು ನೋಡಲು ಸಮಯ.

ದಿನಚರಿಯ ನಮೂನೆಯೂ ಬದಲಾಯಿತು. ‘ಬೆದರಿಕೆ ಮಟ್ಟ’ ಹೋಗಿ ‘ಒಳಗಿದ್ದವರು ಯಾರು, ಎಷ್ಟು ಜನ’ ಬಂತು. ಗುಂಡು ಹಾರಿಸಿದ ಪ್ರತಿ ಘಟನೆಗೂ, ಅದು ಎಚ್ಚರಿಕೆಯದೇ ಆಗಿರಲಿ, ಇನ್ನೊಂದು ಕಾಲಮ್: ‘ಚಾಲಕನಿಗೆ ಏನು ಕಂಡಿರಬಹುದು’. ವೈರ್‌ಲೆಸ್‌ನಲ್ಲಿ ಜನರಿಗೆ ಇಟ್ಟ ಅಡ್ಡಹೆಸರುಗಳನ್ನು ಬಳಸಕೂಡದು ಎಂದಾಯಿತು. ಇದು ಸಭ್ಯತೆಯ ಪ್ರಶ್ನೆಯಷ್ಟೇ ಅಲ್ಲ. 1975ರಲ್ಲಿ ಮನಃಶಾಸ್ತ್ರಜ್ಞ ಬಂಡೂರಾ ಮತ್ತು ಸಂಗಡಿಗರು ಮಾಡಿದ ಪ್ರಯೋಗದಲ್ಲಿ, ಶಿಕ್ಷೆಗೆ ಗುರಿಯಾದ ಗುಂಪನ್ನು ಯಾರೋ ಪ್ರಾಣಿಗಳಂಥವರು ಎಂದದ್ದು ಕಿವಿಗೆ ಬಿದ್ದಷ್ಟಕ್ಕೇ ಜನ ಹೆಚ್ಚು ತೀವ್ರದ ಶಾಕ್ ಕೊಟ್ಟರು. ಒಳ್ಳೆಯ ಮಾತು ಕೇಳಿದ್ದವರು ಎಲ್ಲರಿಗಿಂತ ಕಡಿಮೆ. ಕೆಲವೇ ದಿನಗಳಲ್ಲಿ ಹೊಸ ಕಾಲಮ್ಮಿನಲ್ಲಿ ಎಲ್ಲರೂ ಯಾಂತ್ರಿಕವಾಗಿ ‘ಬೋರ್ಡು ಕಂಡಿತ್ತು’ ಎಂದು ಗೀಚತೊಡಗಿದರು. ಸಾರ್ಜೆಂಟ್ ಇದಕ್ಕೆ ಕಂಡುಕೊಂಡ ಉಪಾಯವೇ ಇಡೀ ಪ್ರಕರಣದ ಅತ್ಯುತ್ತಮ ಕ್ರಮ ಎನ್ನಬೇಕು. ವಾರಕ್ಕೊಮ್ಮೆ ಮಬ್ಬುಗತ್ತಲಲ್ಲಿ, ರಸ್ತೆ ಮುಚ್ಚಿ, ಗನ್ ಖಾಲಿ ಮಾಡಿಸಿ, ಒಬ್ಬೊಬ್ಬ ಸೈನಿಕನನ್ನು ಸಾಧಾರಣ ಕಾರಿನಲ್ಲಿ ಕೂರಿಸಿ ತಮ್ಮದೇ ಚೆಕ್‌ಪೋಸ್ಟಿನ ಕಡೆಗೆ ಓಡಿಸಿಕೊಂಡು ಬರಲು ಹೇಳಿದರು. ಇಳಿದವರು ಆ ಕಾಲಮ್ಮನ್ನು ತಾವಾಗಿಯೇ ಸರಿಯಾಗಿ ಬರೆದರು: ‘ಎಡಗಡೆ ಬೋರ್ಡು ಮರದ ನೆರಳಲ್ಲಿದೆ’, ‘ಮಳೆ ಬಂದರೆ ಗಾಜಿನಲ್ಲಿ ಏನೂ ಕಾಣದು’. ಗುಂಡು ಹಾರಿಸಿದ್ದ ಗನ್ನರ್‌ನನ್ನು ಮಾತ್ರ ಕೂರಿಸಲಿಲ್ಲ. ಕೇಳಿದರು, ಬೇಡ ಎಂದ, ಬಿಟ್ಟರು.

‘ತಡೆ’ ಎಂಬ ಪದವನ್ನು ಯಾವ ದರ್ಜೆಯವನಾದರೂ ಕೂಗಬಹುದು ಎಂಬ ನಿಯಮವೂ ಬಂತು. ಗುಂಡು ನಿಲ್ಲಿಸಲು ಮಾತ್ರ, ಆರಂಭಿಸಲು ಅಲ್ಲ. ಕೂಗಿದವನನ್ನು ಏಕೆ ಕೂಗಿದೆ ಎಂದು ಕೇಳುವಂತಿಲ್ಲ. ಕಾಗದದ ಮೇಲಿದ್ದಷ್ಟು ಕಾಲ ಯಾರೂ ಬಾಯಿ ತೆರೆಯಲಿಲ್ಲ. ಪ್ರತಿ ಪಾಳಿಯ ಆರಂಭದಲ್ಲಿ ಅತಿ ಕಿರಿಯನಿಂದ ಗಟ್ಟಿಯಾಗಿ ಕೂಗಿಸಿ, ಗನ್ನರ್ ಬೆರಳು ತೆಗೆಯುವ ಅಭ್ಯಾಸ ಮಾಡಿಸಿದ ಮೇಲೆ ಅದು ಬಳಕೆಗೆ ಬಂತು. ಮಿಲ್‌ಗ್ರಾಮ್ ಪ್ರಯೋಗದಲ್ಲೇ, ಜೊತೆಗಿದ್ದ ಇಬ್ಬರು ಎದ್ದು ನಿರಾಕರಿಸಿದಾಗ ಕೊನೆಯವರೆಗೆ ಹೋದವರು 40ರಲ್ಲಿ 4 ಜನ ಮಾತ್ರ. ಒಬ್ಬ ಬಾಯಿಬಿಟ್ಟರೆ ಇನ್ನೊಬ್ಬನಿಗೆ ದಾರಿ ಸಿಗುತ್ತದೆ.

ನೈತಿಕ ಚರ್ಚೆಯನ್ನೂ ಕೈಬಿಡಲಿಲ್ಲ, ನಡೆಸುವವರನ್ನು ಬದಲಿಸಿದರು. ಹೊರಗಿನ ಅಧಿಕಾರಿಯ ಬದಲು ಪ್ಲಟೂನ್‌ನ ಸ್ವಂತ ನಾಯಕರೇ, ತಮ್ಮ ರಸ್ತೆಯಲ್ಲೇ ನಡೆಯಬಹುದಾದ ಸನ್ನಿವೇಶಗಳನ್ನು ಇಟ್ಟುಕೊಂಡು ಮಾತಾಡಿಸಿದರು. ಇರಾಕಿನಲ್ಲಿದ್ದ ಅಮೆರಿಕದ ಸೇನಾ ಘಟಕವೊಂದರಲ್ಲಿ ನಾಯಕರ ಮೂಲಕ ನಡೆದ ಇಂಥ ತರಬೇತಿಯ ನಂತರ ನಾಗರಿಕರೊಂದಿಗಿನ ದುರ್ವರ್ತನೆಯ ವರದಿ ಕಡಿಮೆಯಾಗಿ, ಸಹೋದ್ಯೋಗಿಯ ಅಪರಾಧ ತಿಳಿಸುವ ಮನಸ್ಸು ಹೆಚ್ಚಿದ್ದನ್ನು 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದೆ. ಜೊತೆಗಾರ ಸತ್ತ ಪ್ಲಟೂನ್ 72 ಗಂಟೆ ರಸ್ತೆಗೆ ಇಳಿಯಬಾರದು ಎಂದೂ ಗೊತ್ತುಮಾಡಿದರು. ಜನ ಸಾಲದೆ ಹೋದರೆ ಚೆಕ್‌ಪೋಸ್ಟನ್ನೇ ಆ ಹೊತ್ತಿಗೆ ಮುಚ್ಚುವುದು.

ಪರೀಕ್ಷೆ

ಕೆಲ ವಾರ ಎಚ್ಚರಿಕೆಯ ಗುಂಡುಗಳು ವಿರಳವಾದವು. ಆಮೇಲೆ ನಿಜವಾದ ಕಾರ್ ಬಾಂಬ್ ಬಂತು. ಡ್ರಮ್ಮುಗಳ ನಡುವೆ ನುಗ್ಗಲಾರದೆ 120 ಮೀಟರಿನಲ್ಲಿ ಸಿಡಿಯಿತು. ಇಬ್ಬರು ಸೈನಿಕರಿಗೆ ಸಣ್ಣ ಗಾಯ. ರಾತ್ರಿ ಪ್ಲಟೂನ್‌ನಲ್ಲಿ ಒಂದೇ ಮಾತು: ಹಳೆಯ ನಿಯಮ ಇದ್ದಿದ್ದರೆ ಮೊದಲೇ ಹೊಡೆಯುತ್ತಿದ್ದೆವು. ಕಮಾಂಡರ್ ನೀತಿಯ ಮಾತು ಎತ್ತಲಿಲ್ಲ. ಹಳೆಯ ರಸ್ತೆಯಲ್ಲಿ ಆ ಕಾರು 70ರ ವೇಗದಲ್ಲಿ 120ರಿಂದ ಗನ್ನಿನವರೆಗೆ ಬರಲು ಎಷ್ಟು ಹೊತ್ತು ಬೇಕಿತ್ತು ಎಂದು ಅವರಿಂದಲೇ ಲೆಕ್ಕ ಹಾಕಿಸಿದರು. ಆರು ಸೆಕೆಂಡಿಗೆ ಸ್ವಲ್ಪ ಹೆಚ್ಚು. ನಾಗರಿಕರನ್ನು ಉಳಿಸುವ ವಿನ್ಯಾಸವೇ ತಮ್ಮನ್ನೂ ಉಳಿಸಿತು ಎಂಬುದು ಲೆಕ್ಕದಿಂದ ಸಿಕ್ಕ ಉತ್ತರ. ಎಲ್ಲ ಸಲವೂ ಎರಡೂ ಹೀಗೆ ಒಂದಾಗುವುದಿಲ್ಲ, ಅದನ್ನು ಮುಚ್ಚಿಡಬಾರದು. ಕೆಲವೊಮ್ಮೆ ನಾಗರಿಕರ ಸುರಕ್ಷತೆಗೆ ಸೈನಿಕರು ನಿಜವಾಗಿಯೂ ಹೆಚ್ಚಿನ ಅಪಾಯ ಹೊರಬೇಕಾಗುತ್ತದೆ.

ಗನ್ನರ್‌ನ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ನಿಯಮದೊಳಗೇ ಗುಂಡು ಹಾರಿಸಿದ್ದಾನೆ ಎಂದು ತನಿಖೆ ಹೇಳಿತ್ತು. ಗೆಳೆಯರೂ ಅದನ್ನೇ ಹೇಳಿ ಸಮಾಧಾನ ಮಾಡುತ್ತಿದ್ದರು. ಅವನು ಊಟ ಬಿಟ್ಟ, ನಿದ್ದೆ ಬಿಟ್ಟ. ಇದು ಭಯದಿಂದ ಬರುವ ಆಘಾತವಲ್ಲ. ತನ್ನ ನೈತಿಕ ನಂಬಿಕೆಯನ್ನು ತನ್ನ ಕೈಯೇ ಮುರಿದಾಗ ಆಗುವ ಗಾಯ, ನೈತಿಕ ಗಾಯ. ‘ನಿಯಮದ ಪ್ರಕಾರವೇ ಮಾಡಿದೆ’ ಎಂಬ ಮಾತು ಅಲ್ಲಿ ನಾಟದು, ಏಕೆಂದರೆ ಒಬ್ಬ ಮನುಷ್ಯ ಸತ್ತ ಎಂಬುದನ್ನೇ ಅದು ದಾಟಿ ಹೋಗುತ್ತದೆ. ಕಮಾಂಡರ್ ಅವನನ್ನು ಕೂರಿಸಿ ಟೇಪಿನ ಲೆಕ್ಕವನ್ನು ಮುಂದಿಟ್ಟರು. “ಗೆರೆ ತಪ್ಪಾದ ಜಾಗದಲ್ಲಿತ್ತು. ಅದನ್ನು ಎಳೆದದ್ದು ನಾನು. ಆ ಮನುಷ್ಯನ ತಪ್ಪೇನೂ ಇರಲಿಲ್ಲ, ನಿನಗೆ ನೋಡಲು ಸಮಯ ಇರಲಿಲ್ಲ” ಎಂದರು. ಚಿಕಿತ್ಸೆ ನಿಲ್ಲಲಿಲ್ಲ, ಆದರೆ ಅಂದಿನಿಂದ ಅವನು ವೈದ್ಯರ ಹತ್ತಿರ ಮಾತಾಡತೊಡಗಿದ.

ವರದಿಯ ಅಂತಿಮ ರೂಪದಿಂದ ‘ಚಾಲಕ ಸೂಚನೆ ಪಾಲಿಸಲಿಲ್ಲ’ ಎಂಬ ಸಾಲನ್ನು ತೆಗೆದರು. ಕುಟುಂಬಕ್ಕೆ ಕೊಟ್ಟ ಪತ್ರದಲ್ಲಿ, ಆತ ನಿಲ್ಲಿಸಲು ಯತ್ನಿಸಿದ್ದರೂ ಕಾರು ಆ ಗೆರೆಯೊಳಗೆ ಬರುತ್ತಿತ್ತು ಎಂದು ಸೇರಿಸಿದರು. ಪರಿಹಾರದ ಹೊಣೆ ಮೈಮೇಲೆ ಬರುತ್ತದೆ ಎಂದು ಕಾನೂನು ವಿಭಾಗ ಆಕ್ಷೇಪಿಸಿತ್ತು. ಕಮಾಂಡರ್ ಒಪ್ಪಲಿಲ್ಲ, ಪತ್ರ ಹೋಯಿತು. ಪಕ್ಕದ ಮನೆಯವರೆದುರು ಗಂಡನ ಹೆಸರಿಗೆ ಅಂಟಿದ್ದ ‘ದಾಳಿಕೋರ’ ಎಂಬ ಮಾತನ್ನು ಅಳಿಸಲು ಆ ಹೆಂಗಸು ಆ ಪತ್ರವನ್ನೇ ಬಳಸಿದರು.

ಹಸ್ತಾಂತರ

ಕಂಪನಿ ಮರಳಿದ ಮೇಲೆ ಹೊಸ ಕಂಪನಿಗೆ ಚೆಕ್‌ಪೋಸ್ಟಿನ ನಕ್ಷೆ ಸಿಕ್ಕಿತು, ಅದರ ಕಾರಣ ಸಿಗಲಿಲ್ಲ. ಹೊರಗಿನ ಡ್ರಮ್ಮುಗಳ ಕಾವಲಿಗೆ ಇಬ್ಬರು ಬೇಕು, ಅಷ್ಟು ಜನ ಇಲ್ಲ ಎಂದು ಅವರು ಸಾಲನ್ನು 80 ಮೀಟರಿಗೆ ಒಳಕ್ಕೆ ಎಳೆದುಕೊಂಡರು. ದಿನಚರಿಯ ಹೊಸ ಕಾಲಮ್ಮುಗಳು ತಿಂಗಳೊಳಗೆ ಖಾಲಿಯಾದವು. ಹಳೆಯ ಸಾರ್ಜೆಂಟ್ ಕಳಿಸಿದ ಟಿಪ್ಪಣಿಯ ನಂತರ ಸಾಲು ಹಿಂದಿನ ಜಾಗಕ್ಕೆ ಹೋಯಿತು. ಆಗಿನಿಂದ ಹಸ್ತಾಂತರದ ಕಡತದಲ್ಲಿ ನಕ್ಷೆಯ ಪಕ್ಕ 70 ಕಿ.ಮೀ. ವೇಗದ ಲೆಕ್ಕವನ್ನು ಬರೆದಿಡುತ್ತಾರೆ. ಹೊಸ ಪ್ಲಟೂನ್ ಕಮಾಂಡರ್ ಸಹಿ ಹಾಕುವ ಮೊದಲು, ಮಬ್ಬುಗತ್ತಲಲ್ಲಿ, ಸಾಧಾರಣ ಕಾರಿನಲ್ಲಿ, ಒಮ್ಮೆ ಆ ರಸ್ತೆಯಲ್ಲಿ ತಾನೇ ಓಡಿಸಿಕೊಂಡು ಬರಬೇಕು.